ಹಿಮದ ಕಾಡು ಬರೆದವನು

ಮೇಣದಬತ್ತಿ, ಸಾಬೂನು ಮಾಡಿ ಮಾರುವವರ ಮಗ ಕಾಸ್ಪರ್ ಡೇವಿಡ್ ಫ್ರೆಡ್ರಿಕ್. 1774ರಲ್ಲಿ ಬಾಲ್ಟಿಕ್ ಕಡಲಂಚಿನ ಗ್ರೈಫ್ಸ್‌ವಾಲ್ಡ್ ಊರಲ್ಲಿ ಹುಟ್ಟಿದ. ಇಂದು ಅದು ಜರ್ಮನಿಯಲ್ಲಿದೆ, ಆಗ ಸ್ವೀಡನ್ನಿನ ಆಳ್ವಿಕೆಯಲ್ಲಿತ್ತು. ಏಳರ ವಯಸ್ಸಿಗೆ ತಾಯಿ ತೀರಿಕೊಂಡಳು. ಹದಿಮೂರರಲ್ಲಿ ತಮ್ಮ ನೀರುಪಾಲಾದ. ಮಂಜುಗಡ್ಡೆ ಒಡೆದು ಬಿದ್ದ ಅಣ್ಣನನ್ನು ಉಳಿಸಲು ಹೋಗಿಯೇ ಸತ್ತ ಎನ್ನುತ್ತಾರೆ. ಫ್ರೆಡ್ರಿಕ್‌ನ ಚಿತ್ರಗಳ ಮೌನಕ್ಕೆ ಇದೇ ಕಾರಣ ಎಂದು ಬರೆಯುವವರೂ ಇದ್ದಾರೆ. ನನಗದು ತೀರಾ ಸುಲಭದ ಲೆಕ್ಕ ಅನಿಸುತ್ತದೆ.

ಕೋಪನ್‌ಹೇಗನ್‌ನಲ್ಲಿ ಕಲಿತು 1798ರಲ್ಲಿ ಡ್ರೆಸ್ಡನ್ ಸೇರಿದ. ಬೆಟ್ಟ, ಕಾಡು ಅಲೆದು ಒಂದೊಂದೇ ಮರವನ್ನು ಪೆನ್ಸಿಲ್‌ನಲ್ಲಿ ಕೊಂಬೆ ರೆಂಬೆ ಬಿಡದೆ ಬರೆದುಕೊಳ್ಳುತ್ತಿದ್ದ. ಬಣ್ಣದ ಕೆಲಸ ಮಾತ್ರ ಮನೆಯಲ್ಲೇ. ಗೆಳೆಯ ಕೆರ್‌ಸ್ಟಿಂಗ್ ಆ ಕೋಣೆಯ ಚಿತ್ರ ಬರೆದಿದ್ದಾನೆ: ಬೋಳು ಗೋಡೆ, ಈಸೆಲ್, ಕೆಳಭಾಗ ಮುಚ್ಚಿದ ಕಿಟಕಿ. ಗೋಡೆಗೆ ತೂಗುಹಾಕಿದ್ದು ಟಿ-ಸ್ಕ್ವೇರ್! ನಮ್ಮ ಡ್ರಾಯಿಂಗ್ ಹಾಲ್‌ನಲ್ಲಿರುವಂಥದ್ದೇ. ಮಂಜು, ಮಬ್ಬುಗಳಿಗೆ ಹೆಸರಾದವನು ಮೊದಲು ಗೆರೆ ಅಳೆಯುತ್ತಿದ್ದ. ಆಮೇಲೆ ನೀರಿನಷ್ಟು ತೆಳುವಾದ ಬಣ್ಣವನ್ನು ಪದರದ ಮೇಲೆ ಪದರ ಹಚ್ಚುತ್ತಿದ್ದ. ಅಡಿಯ ತಿಳಿ ಬಣ್ಣಕ್ಕೆ ತಾಗಿ ಮರಳುವ ಬೆಳಕೇ ನಮಗೆ ಸಂಜೆಯ ಆಕಾಶವಾಗಿ ಕಾಣುತ್ತದೆ.

1810ರಲ್ಲಿ 'ಓಕ್ ಕಾಡಿನ ಮಠ' ಚಿತ್ರವನ್ನು ಪ್ರಶ್ಯದ ರಾಜಮನೆತನ ಕೊಂಡಿತು. ಕೆಳಗೆ ಕತ್ತಲು, ನಡುವೆ ಪಾಳುಗೋಡೆ, ಎಲೆಯುದುರಿದ ಓಕ್ ಮರಗಳು, ಮೇಲೆ ಮಾತ್ರ ಹಳದಿ ಬೆಳಕು. ನನಗೆ ಹೆಚ್ಚು ಹಿಡಿಸಿದ್ದು ನೆಪೋಲಿಯನ್ ಸೋತ ಕಾಲದಲ್ಲಿ ಬರೆದ ಇನ್ನೊಂದು ಚಿತ್ರ. ಎತ್ತರದ ಫರ್ ಮರಗಳ ಎದುರು ಒಬ್ಬನೇ ಫ್ರೆಂಚ್ ಸೈನಿಕ, ನಮಗೆ ಬೆನ್ನು ಹಾಕಿ ನಿಂತಿದ್ದಾನೆ. ಕಾಲಡಿ ಹಿಮದ ಬೆಳಕು, ಮುಂದೆ ಕಾಡಿನ ಕತ್ತಲು. ಮೋಟುಮರದ ಮೇಲೆ ಕಾಗೆಯಂಥ ಹಕ್ಕಿ. ಕತ್ತಿಯ ಹೊಡೆದಾಟವಿಲ್ಲ, ರಕ್ತವಿಲ್ಲ. ಆದರೂ ಅವನು ಮನೆಗೆ ಮರಳುವುದಿಲ್ಲ ಎಂಬುದು ನೋಡಿದವರಿಗೆ ತಿಳಿದುಬಿಡುತ್ತದೆ.

ಇಷ್ಟೆಲ್ಲ ಮಾಡಿದವನಿಗೂ ಡ್ರೆಸ್ಡನ್ ಅಕಾಡೆಮಿಯಲ್ಲಿ ನಿಸರ್ಗಚಿತ್ರ ಕಲಿಸುವ ಹುದ್ದೆ ಸಿಗಲಿಲ್ಲ. ಆಗ ವಯಸ್ಸು ಐವತ್ತು. ಜನರ ರುಚಿಯೂ ಬದಲಾಗುತ್ತಿತ್ತು, ಕೊಳ್ಳುವವರು ಕಡಿಮೆಯಾದರು. 1835ರಲ್ಲಿ ಪಾರ್ಶ್ವವಾಯು ಬಡಿಯಿತು. ತೈಲವರ್ಣ ಬಹುಮಟ್ಟಿಗೆ ನಿಂತಿತು. ಕಾಗದದ ಮೇಲೆ ಕಂದು ಬಣ್ಣದ ಸೆಪಿಯಾ ಚಿತ್ರಗಳನ್ನು ಬರೆದ. 1840ರಲ್ಲಿ ತೀರಿಕೊಂಡಾಗ ಹೆಚ್ಚಿನವರು ಮರೆತಿದ್ದರು. ಬರ್ಲಿನ್ನಿನ ದೊಡ್ಡ ಪ್ರದರ್ಶನವೊಂದು ಆ ಹೆಸರನ್ನು ಮತ್ತೆ ಮುಂದೆ ತರುವ ಹೊತ್ತಿಗೆ 1906 ಆಗಿತ್ತು.

ಓಕ್ ಕಾಡಿನ ಚಿತ್ರ ಈಗ ಬರ್ಲಿನ್ನಿನ ಹಳೆಯ ರಾಷ್ಟ್ರೀಯ ಗ್ಯಾಲರಿಯಲ್ಲಿದೆ. ಕಂದಿದ ವಾರ್ನಿಷ್ ತೆಗೆದು 2016ರಲ್ಲಿ ಮತ್ತೆ ಗೋಡೆಗೇರಿಸಿದರು.