ಪಿಟಿ ಪೀರಿಯಡ್‌ನಲ್ಲಿ ಹುಡುಗಿಯರು ಎಲ್ಲಿದ್ದರು?

ನಮ್ಮ ಪ್ರೈಮರಿ ಶಾಲೆಯಲ್ಲಿ ಪಿಟಿ ಪೀರಿಯಡ್ ಅಂದ್ರೆ ಹುಡುಗರಿಗೆ ಬಾಲು, ಹುಡುಗಿಯರಾದ ನಮಗೆ ಮರದ ನೆರಳು. ಅದಕ್ಕೇ ಮಾರ್ಟಿನಾ ಬರ್ಗ್‌ಮನ್ ಓಸ್ಟರ್‌ಬರ್ಗ್ ಅವರ ಬದುಕು ಓದುವಾಗ ನನಗೆ ಸ್ವಲ್ಪ ಹೊಟ್ಟೆ ಉರಿಯಿತು.

1849ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ ಅವರು ಸ್ಟಾಕ್‌ಹೋಮ್‌ನಲ್ಲಿ ಜಿಮ್ನಾಸ್ಟಿಕ್ಸ್ ಕಲಿತರು. 1881ರಲ್ಲಿ ಲಂಡನ್ ಸ್ಕೂಲ್ ಬೋರ್ಡ್, ತನ್ನ ಶಾಲೆಗಳ ಹೆಣ್ಣುಮಕ್ಕಳ ಮತ್ತು ಪುಟಾಣಿಗಳ ವ್ಯಾಯಾಮದ ಉಸ್ತುವಾರಿಯನ್ನು ಅವರಿಗೆ ವಹಿಸಿತು. ಬಹುಪಾಲು ಬಡವರ ಮಕ್ಕಳು. ಬಗ್ಗೋದು, ಕೈ ಚಾಚೋದು, ಉಸಿರು ಎಳೆಯೋದು. ಈ ಸ್ವೀಡಿಶ್ ಕಸರತ್ತಿಗೆ ದುಬಾರಿ ಸಲಕರಣೆ ಬೇಕಿರಲಿಲ್ಲ. ಆದರೆ ಅಷ್ಟೂ ಶಾಲೆಗೆ ಒಬ್ಬರೇ ಓಡಾಡೋಕಾಗುತ್ತಾ? ಸಾವಿರಕ್ಕೂ ಹೆಚ್ಚು ಟೀಚರ್‌ಗಳಿಗೆ ತರಬೇತಿ ಕೊಟ್ಟರು. ಮಾಮೂಲಿ ಕ್ಲಾಸ್ ಟೀಚರ್‌ಗಳೇ ಅವರು!

ಮುಂದಿನ ತಿರುವು ನನಗೆ ಅಷ್ಟು ಹಿಡಿಸಲ್ಲ. 1885ರಲ್ಲಿ ಹ್ಯಾಂಪ್‌ಸ್ಟೆಡ್‌ನಲ್ಲಿ ಸ್ವಂತ ಕಾಲೇಜು ತೆರೆದರು, ಕೆಲವೇ ವರ್ಷಗಳಲ್ಲಿ ಬೋರ್ಡಿನ ಕೆಲಸ ಬಿಟ್ಟರು. ಕಾಲೇಜಿಗೆ ಬಂದವರು ಫೀಸು ಕಟ್ಟಬಲ್ಲ ಮಧ್ಯಮ ವರ್ಗದ ಹುಡುಗಿಯರು. ಹೆಂಗಸರ ಮತದ ಹಕ್ಕನ್ನು ಬೆಂಬಲಿಸಿದವರೇ, ಹೆಣ್ಣಿನ ಮೈ ಗಟ್ಟಿಯಾದರೆ ಜನಾಂಗ ಸುಧಾರಿಸುತ್ತೆ ಅಂತಲೂ ನಂಬಿದ್ದರು. ಅಂದರೆ ಆಟ ಹುಡುಗಿಯ ಖುಷಿಗಲ್ಲ, ಮುಂದೆ ಹುಟ್ಟೋ ಮಕ್ಕಳಿಗಾ? ಈ ವಾದ ಇವತ್ತಿಗೂ ಎಷ್ಟು ಬಾಯಲ್ಲಿ ಕೇಳ್ತೀವಿ.

ಆದರೂ ಒಂದು ಮಾತು ಒಪ್ಪಬೇಕು. ಬಿಗಿ ಬಟ್ಟೆ ಬಿಟ್ಟು ಸಡಿಲವಾದ ಜಿಮ್‌ಸ್ಲಿಪ್ ತೊಟ್ಟು ಹುಡುಗಿಯರು ಓಡಿದ್ದು ಅವರ ಕಾಲೇಜಿನಲ್ಲೇ. 1895ರಲ್ಲಿ ಅದು ಡಾರ್ಟ್‌ಫರ್ಡ್‌ಗೆ ಹೋಯಿತು. 1915ರಲ್ಲಿ, ತೀರಿಕೊಂಡ ವರ್ಷವೇ, ಅದನ್ನು ದೇಶಕ್ಕೆ ಬರೆದುಕೊಟ್ಟರು.