ಕಡಲ ಜೀವಿಗಳ ಅಂಡವನ್ನು ಅರಿತ ವಿಜ್ಞಾನಿ: ಅರ್ನೆಸ್ಟ್ ಎವರೆಟ್ ಜಸ್ಟ್

ಅರ್ನೆಸ್ಟ್ ಎವರೆಟ್ ಜಸ್ಟ್ ಅವರು 1883ರ ಆಗಸ್ಟ್ 14ರಂದು ಅಮೆರಿಕದ ದಕ್ಷಿಣ ಕರೊಲಿನಾ ರಾಜ್ಯದ ಚಾರ್ಲ್ಸ್‌ಟನ್‌ನಲ್ಲಿ ಕಪ್ಪು ವರ್ಣೀಯರ ಕುಟುಂಬವೊಂದರಲ್ಲಿ ಜನಿಸಿದರು. ನಾಲ್ಕನೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ತಾಯಿ ಮೇರಿ ಶಾಲೆಯಲ್ಲಿ ಪಾಠ ಹೇಳುತ್ತ, ಫಾಸ್ಫೇಟ್ ಗಣಿಯಲ್ಲೂ ದುಡಿದು ಮಕ್ಕಳನ್ನು ಸಾಕಿದರು. ಮಗನನ್ನು ಹೆಚ್ಚಿನ ಓದಿಗಾಗಿ ದೂರದ ಉತ್ತರ ಪ್ರಾಂತ್ಯಕ್ಕೆ ಕಳುಹಿಸಿದರು. ಅಲ್ಲಿ ನಾಲ್ಕು ವರ್ಷಗಳ ವ್ಯಾಸಂಗವನ್ನು ಅವರು ಮೂರೇ ವರ್ಷಗಳಲ್ಲಿ ಮುಗಿಸಿದರು. ಆದರೆ ಮಗನ ಏಳಿಗೆ ನೋಡಲು ತಾಯಿ ಉಳಿಯಲಿಲ್ಲ.

1907ರಲ್ಲಿ ಡಾರ್ಟ್‌ಮತ್ ಕಾಲೇಜಿನಿಂದ ಉನ್ನತ ಗೌರವದೊಂದಿಗೆ ಪದವಿ ಪಡೆದ ಜಸ್ಟ್, ವಾಷಿಂಗ್ಟನ್ನಿನ ಹೊವರ್ಡ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. 1909ರಿಂದ ಸುಮಾರು 20 ವರ್ಷ ಬೇಸಿಗೆ ರಜೆಯಲ್ಲಿ ವುಡ್ಸ್ ಹೋಲ್ ಕಡಲ ಪ್ರಯೋಗಾಲಯಕ್ಕೆ ಹೋಗಿ ಬೆನ್ನೆಲುಬಿಲ್ಲದ ಕಡಲ ಜೀವಿಗಳ ಅಂಡಗಳನ್ನು ಅಭ್ಯಾಸ ಮಾಡಿದರು. 1916ರಲ್ಲಿ ಷಿಕಾಗೊ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ನೀಡಿತು.

ನೀರಿಸ್ ಎಂಬ ಕಡಲ ಹುಳುವಿನ ಅಂಡ ಮೊದಲ ಸಲ ಎರಡಾಗಿ ಸೀಳುವ ದಿಕ್ಕಿಗೂ ವೀರ್ಯಾಣು ಒಳಹೊಕ್ಕ ಜಾಗಕ್ಕೂ ಸಂಬಂಧವಿದೆಯೆಂದು ಅವರು 1912ರಲ್ಲಿ ತೋರಿಸಿದರು. ಒಂದು ವೀರ್ಯಾಣು ತಗುಲಿದೊಡನೆ ಅಂಡದ ಮೇಲ್ಮೈಯಲ್ಲಿ ಬದಲಾವಣೆಯೊಂದು ಅಲೆಯಂತೆ ಹರಡಿ, ಉಳಿದ ವೀರ್ಯಾಣುಗಳಿಗೆ ಬಾಗಿಲು ಮುಚ್ಚುವುದನ್ನೂ ಗುರುತಿಸಿದರು. ಅಂಡಗಳನ್ನು ನೈಸರ್ಗಿಕ ಸ್ಥಿತಿಯಲ್ಲಿಟ್ಟು ಜೋಪಾನವಾಗಿ ನೋಡದಿದ್ದರೆ ಪ್ರಯೋಗ ಸುಳ್ಳು ಹೇಳುತ್ತದೆಂಬುದು ಅವರ ನಿಯಮವಾಗಿತ್ತು.

ಅನುವಂಶೀಯತೆಯ ಗುಟ್ಟೆಲ್ಲ ಕೋಶಕೇಂದ್ರದ ವಂಶವಾಹಿಗಳಲ್ಲೇ ಅಡಗಿದೆ ಎಂದು ಹಲವರು ನಂಬಿದ್ದ ಕಾಲವದು. ಕೋಶದ್ರವ್ಯ ಮತ್ತು ಕೋಶದ ಮೇಲ್ಮೈಯನ್ನು ಬಿಟ್ಟು ಜೀವಿಯ ಬೆಳವಣಿಗೆ ಅರ್ಥವಾಗದೆಂದು ಜಸ್ಟ್ ವಾದಿಸಿದರು. ಅಂಡದ ಕೋಶದ್ರವ್ಯವೂ ವಂಶವಾಹಿಗಳ ಕೆಲಸವನ್ನು ನಿಯಂತ್ರಿಸುತ್ತದೆ ಎಂಬುದು ಇಂದು ದೃಢಪಟ್ಟಿದೆ.

ಇಷ್ಟು ವಿದ್ವತ್ತಿದ್ದರೂ ಮೈಬಣ್ಣದ ಕಾರಣಕ್ಕೆ ದೊಡ್ಡ ವಿಶ್ವವಿದ್ಯಾಲಯಗಳ ಬಾಗಿಲು ಅವರಿಗೆ ತೆರೆಯಲಿಲ್ಲ. 1929ರಿಂದ ನೇಪಲ್ಸ್, ಬರ್ಲಿನ್ ಮೊದಲಾದೆಡೆ ಸಂಶೋಧನೆ ನಡೆಸಿದರು. 1939ರಲ್ಲಿ ಕೋಶದ ಮೇಲ್ಮೈ ಕುರಿತ ಅವರ ಮುಖ್ಯ ಗ್ರಂಥ ಹೊರಬಂತು. ಮರುವರ್ಷ ಫ್ರಾನ್ಸನ್ನು ಆಕ್ರಮಿಸಿದ ಜರ್ಮನರು ಅವರನ್ನು ಸೆರೆಯಲ್ಲಿಟ್ಟರು. ಬಿಡುಗಡೆಯಾಗಿ ತಾಯ್ನಾಡಿಗೆ ಮರಳಿದ ಅವರು 1941ರ ಅಕ್ಟೋಬರ್ 27ರಂದು ಕ್ಯಾನ್ಸರ್‌ನಿಂದ ನಿಧನರಾದರು. 1996ರಲ್ಲಿ ಅಮೆರಿಕ ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು.

ಪಾಠ ಹೇಳಿ, ಗಣಿಯಲ್ಲಿ ದುಡಿದು ಮಗನನ್ನು ಓದಿಸಿದ ಆ ತಾಯಿಯ ಶ್ರಮ ಜೀವವಿಜ್ಞಾನಕ್ಕೆ ಒಬ್ಬ ಶ್ರೇಷ್ಠ ವಿಜ್ಞಾನಿಯನ್ನು ಕೊಟ್ಟಿತು. ನಮ್ಮ ಶಾಲೆಯ ಬೆಂಚುಗಳಲ್ಲಿ ಕುಳಿತ ಬಡ ಮನೆಯ ಮಕ್ಕಳೂ, ಅವರನ್ನು ಕಳುಹಿಸುವ ತಾಯಂದಿರೂ ಈ ಬದುಕನ್ನು ತಿಳಿದಿರಬೇಕು.