ದೇಹಶಿಲ್ಪಿ ಕೆ.ವಿ. ಅಯ್ಯರ್

‘ಶಾಂತಲಾ’ ಕಾದಂಬರಿಯ ಕರ್ತೃವೆಂದು ಸಹೃದಯರು ಬಲ್ಲ ಕೆ.ವಿ. ಅಯ್ಯರ್ ಅವರು ಜನಿಸಿದ್ದು 1897ರಲ್ಲಿ. ನಾಟಕಕಾರ ಕೈಲಾಸಂ ಅವರ ಆಪ್ತಮಿತ್ರರು. ಆದರೆ ಲೇಖನಿಗಿಂತ ಮೊದಲು ಅವರ ಕೈಗೆ ಒಗ್ಗಿದುದು ವ್ಯಾಯಾಮ. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ಸ್ಥಾಪಿಸಿ, ಸೂರ್ಯನಮಸ್ಕಾರವನ್ನೂ ಪಾಶ್ಚಾತ್ಯರ ಭಾರಸಾಧನೆಯನ್ನೂ ಒಂದುಗೂಡಿಸಿದರು. ದೂರದ ಶಿಷ್ಯರಿಗೆ ಅಂಚೆಯ ಮೂಲಕವೂ ಪಾಠ ಹೇಳಿದರು.

ಅಂದಿನ ಸಾಧಕರಿಗೆ ತಕ್ಕಡಿ, ಅಳತೆಪಟ್ಟಿ, ಛಾಯಾಚಿತ್ರಗಳೇ ಪ್ರಮಾಣ. ತೂಕವೊಂದನ್ನೇ ನಂಬಿದವನು, ಮೇದಸ್ಸು ಕರಗಿ ಸ್ನಾಯು ಬೆಳೆದರೂ ಅಂಕಿ ಕದಲದುದನ್ನು ಕಂಡು ಸಾಧನೆಯನ್ನೇ ತೊರೆದಾನು! ಪಟ್ಟಿಯೂ ಚಿತ್ರವೂ ಬೇಕಾದುದು ಅದಕ್ಕಾಗಿಯೇ.

ಇಂದು ಬೊಮ್ಮನಹಳ್ಳಿಯಂಥ ಬಡಾವಣೆಯ ಮನೆಯಲ್ಲಿಯೂ ಮೇದಸ್ಸಿನ ಪ್ರಮಾಣವನ್ನು ತಿಳಿಸುವ ಸ್ಮಾರ್ಟ್ ತಕ್ಕಡಿ ದೊರೆಯುತ್ತದೆ. ಬರಿಗಾಲಿನಲ್ಲಿ ನಿಂತವರ ಒಂದು ಪಾದದಿಂದ ಇನ್ನೊಂದಕ್ಕೆ ಅದು ಕ್ಷೀಣ ವಿದ್ಯುತ್ತನ್ನು ಹರಿಸುತ್ತದೆ. ನೀರಿನಂಶ ಹೆಚ್ಚಿರುವ ಸ್ನಾಯು ದಾರಿ ಬಿಡುತ್ತದೆ, ಮೇದಸ್ಸು ತಡೆಯುತ್ತದೆ; ಆ ತಡೆಯಿಂದ ಮಾಡಿದ ಅಂದಾಜೇ ಫಲಿತಾಂಶ. ನೀರು ಕುಡಿದರೂ ಬೆವರಿದರೂ ಅಂಕಿ ಬದಲಾಗುವುದರಿಂದ, ದಿನವೂ ಒಂದೇ ಹೊತ್ತಿನಲ್ಲಿ ಅಳೆದು ತಿಂಗಳುಗಳ ಗತಿಯನ್ನು ನೋಡುವುದು ಯುಕ್ತ. ಪೇಸ್‌ಮೇಕರ್ ಧರಿಸಿದವರು ಅದನ್ನು ಏರತಕ್ಕದ್ದಲ್ಲ.

ಅಯ್ಯರ್ ಅವರು ಅಂಥ ಯಂತ್ರವನ್ನು ಕಾಣಲಿಲ್ಲ. ಕನ್ನಡಿಯೆದುರು ಪಳಗಿದ ಆ ಕಣ್ಣು ಮುಂದೆ ಹೊಯ್ಸಳ ರಾಣಿಯನ್ನೂ, ‘ರೂಪದರ್ಶಿ’ಯ ಕಲಾವಿದನನ್ನೂ ಚಿತ್ರಿಸಿತು. 1980ರಲ್ಲಿ ಅವರು ಕೀರ್ತಿಶೇಷರಾದರು.